ಹಗ್ಗದ ಪಂಚಾಂಗ

ಭಾನುವಾರ ಸಂಜೆ ಆರಕ್ಕೆ
ದೋಬಿಘಾಟಿನ ಪಂಪ್‌ಹೌಸ್ ಗೋಡೆಯ ಕರಿಹಲಗೆಯನ್ನು
ಒದ್ದೆ ಬನಿಯನ್ನಿನಲ್ಲಿ ಒರೆಸಿ
ಮುನಿಯಲ್ಲಪ್ಪ ಚಿಕ್ಕಪ್ಪ ನನ್ನ ಕೈಗೆ ಸೀಮೆಸುಣ್ಣ ಕೊಡುತ್ತಿದ್ದ.
ಅಕ್ಷರ ನನ್ನದು, ಆಕಾಶ ಅವನದು.

“ಬರಿ. ಸೋಮವಾರ, ಬಿಳಿ ಹಾಕಬಹುದು.
ಮಂಗಳವಾರ, ಮೂರು ಗಂಟೆ ತನಕ ಹಾಕಬಹುದು.
ಬುಧವಾರ...”
ಯಶವಂತಪುರದ ಕಡೆ ಮೂಗೆತ್ತಿ ಒಂದು ಗಳಿಗೆ ನಿಂತು,
“ಬುಧವಾರದ್ದು ಬುಧವಾರ ನೋಡೋಣ. ಜಾಗ ಬಿಡು.”

ಒಂಬತ್ತನೇ ಕ್ಲಾಸಿನ ಸಮಾಜದ ಪುಸ್ತಕದಲ್ಲಿ
ಮೋಡ ನಾಲ್ಕೇ ಬಗೆ:
ಹಿಮಕಣ, ರಾಶಿ, ಪದರು, ರಾಶಿವೃಷ್ಟಿ.
ಎರಡು ಅಂಕದ ಪ್ರಶ್ನೆ, ಚಿತ್ರ ಬರೆದರೆ ಮೂರು.
ಗಟ್ಟಿಯಾಗಿ ಓದಿದರೆ ಚಿಕ್ಕಪ್ಪ
ಸೋಡಾ ತಿಂದ ಬೆರಳುಗಳಲ್ಲಿ ಅರಿವೆ ಮುಟ್ಟಿ ನೋಡುವವನ ಹಾಗೆ
“ಹಿಮಕಣ ಅಂದರೆ ಆ ಹಿಂಜಿದ್ದಾ?
ಹಾಸಿಗೆ ಹೊಲಿಯೋ ನಜೀರ್ ಸಾಬರ ಬಿಲ್ಲಿಂದ ಹಾರಿದ ಅರಳೆ ಅದು.
ಅದರಿಂದ ಕರ್ಚೀಫೂ ನೆನೆಯಲ್ಲ.
ಬಾಲ ಬಗ್ಗಿದ್ದರೆ ಮಾತ್ರ ಹಿಂದೆ ಯಾರು ಬರ್ತಿದ್ದಾರೆ ನೋಡು.”

ರಾಶಿ ಮೋಡ ಅವನಿಗೆ ಗಂಟು.
ಬೆಳಿಗ್ಗೆ ಹತ್ತಕ್ಕೆ ಕೂಸಿನ ಬಟ್ಟೆಯ ಗಂಟು, ಮಧ್ಯಾಹ್ನ ಲಾಡ್ಜಿನದು.
ಎತ್ತರಕ್ಕಿಂತ ಅಗಲ ಹೆಚ್ಚಿರುವತನಕ ಹೆದರಬೇಡ;
ಮೇ ತಿಂಗಳ ನಾಲ್ಕೂವರೆಗೆ
ಹೂಕೋಸಿನ ತಲೆ ಕಮ್ಮಾರನ ಅಡಿಗಲ್ಲಾಯಿತೋ
ಉಣ್ಣುವ ತಟ್ಟೆ ಬಿಟ್ಟು ಓಡು.
ಓಡಿದ್ದೇವೆ. ಯಾರ ಸೀರೆ ಯಾರ ಹೆಗಲಿಗೋ,
ಲಾಯರಿನ ಕರಿಕೋಟು ಮದುಮಗಳ ಲಂಗದೊಳಗೆ.
ನಾವು ಒಗೆಯುವ ಕಲ್ಲಿನ ಮೇಲೆ
ಆಲಿಕಲ್ಲು ನಮಗಿಂತ ಜೋರಾಗಿ ಒಗೆಯುತ್ತಿತ್ತು.

ಅದನ್ನು ಅವನು ಬೈದವನಲ್ಲ.
ಬೈಯುತ್ತಿದ್ದದ್ದು ಪದರು ಮೋಡವನ್ನು.
ಗುಡುಗುವುದಿಲ್ಲ, ಸುರಿಯುವುದಿಲ್ಲ, ತೊಲಗುವುದಿಲ್ಲ,
ಜುಲೈ ಪೂರ್ತಿ ಊರ ಮೇಲೆ ಹಿಂಡದ ಕಂಬಳಿ.
ಕೈಯೊಡ್ಡಿದರೆ ಹನಿ ಇಲ್ಲ, ಬಟ್ಟೆ ಮುಟ್ಟಿದರೆ ಇದೆ.
ಮಳೆ ಬಂತು ಸ್ವಾಮಿ ಅಂದರೆ
ಗಿರಾಕಿ ತನ್ನ ಒಣ ಬಾಲ್ಕನಿ ತೋರಿಸುತ್ತಾನೆ.
ಒಣಗದ ಬಟ್ಟೆಯ ಆ ಮುಗ್ಗಲು ವಾಸನೆಗೆ
ನಮ್ಮ ಕೇರಿಯಲ್ಲಿ ಹೆಸರೇ ಇತ್ತು: ಪುನರ್ವಸು.

ಚಿತ್ತೆ ಮಳೆಯ ಒಂದು ವಾರ
ಚಿಕ್ಕಪ್ಪ ಚಿಂತಾಮಣಿಗೆ ಹೋದ, ತಂಗಿಯ ಮಗುವಿನ ನಾಮಕರಣಕ್ಕೆ.
ಹಲಗೆಯಲ್ಲಿ ಬುಧವಾರ ಖಾಲಿ.
ಬೆಳಿಗ್ಗೆ ನೋಡಿದೆ: ನೀಲಿ, ಅದರಲ್ಲಿ ಹಿಮಕಣದ ನಾಲ್ಕು ಎಳೆ.
ಪುಸ್ತಕದ ಚಿತ್ರದಲ್ಲಿ ಅದರ ಕೆಳಗೆ ಮಳೆಯ ಗೆರೆ ಇರಲಿಲ್ಲ.
ಬರೆದೇಬಿಟ್ಟೆ: ಬಿಳಿ ಹಾಕಿ.

ಹೆರಿಗೆ ಆಸ್ಪತ್ರೆಯ ನೂರಾ ಹನ್ನೆರಡು ಹಾಸು ಏರಿದವು.
ನಮ್ಮಲ್ಲಿ ಕ್ಲಿಪ್ಪಿಲ್ಲ. ಎರಡು ಹುರಿಯ ಹಗ್ಗ,
ಹುರಿಯ ಸಂದಿಗೆ ಬಟ್ಟೆಯ ತುದಿ ತುರುಕುವುದು.
ಎರಡೂ ಕಣ್ಣಿಗೆ ಪೊರೆ ಬಂದ ಗಂಗರತ್ನಮ್ಮಜ್ಜಿ
ಹಗ್ಗ ಹಿಡಿದು ಅಂದಳು,
“ಬಿಗೀತಾ ಇದೆ ಕಣೇ. ಬೆರಳು ಬಿಡ್ತಾ ಇಲ್ಲ.”
“ಹಲಗೇಲಿ ಬರೆದಿದೆ ಅಜ್ಜಿ,” ಅಂದೆ.
ಓದು ಬರದವಳ ಎದುರು ಹಲಗೆ ತೋರಿಸಿದೆ.

ಎರಡಕ್ಕೆ ನೀಲಿ. ಮೂರಕ್ಕೂ ನೀಲಿ.
ಮೂರೂ ಇಪ್ಪತ್ತಕ್ಕೆ ಆಕಾಶ ಇರಲಿಲ್ಲ.

ಆ ರಾತ್ರಿ ಹುಟ್ಟಿದ ಕೂಸುಗಳು
ಅವರವರ ಅಜ್ಜಿಯರ ಹಳೇ ಸೀರೆಯ ಮೇಲೆ ಮಲಗಿದವಂತೆ.
ಚೆನ್ನಾಗೇ ಮಲಗಿದವು ಎಂದು ಆಯಾ ನಕ್ಕಳು.
ನನಗೆ ನಗು ಬರಲಿಲ್ಲ.

ಮರುದಿನ ಚಿಕ್ಕಪ್ಪ ಬಸ್ಸಿಳಿದು ನೇರ ಹಲಗೆಯ ಮುಂದೆ ನಿಂತ.
ಅರ್ಧ ತೊಳೆದುಹೋದ ನನ್ನ ಬುಧವಾರವನ್ನು ಒರೆಸಲಿಲ್ಲ.
‘ಹಾಕಿ’ಯ ಗುಡಿಸನ್ನು ಹೆಬ್ಬೆರಳಲ್ಲಿ ಅಳಿಸಿದ.
“ಇಲ್ಲಿ ‘ಬಹುದು’ ಸೇರಿಸು.
ಸತ್ತವರ ಪಂಚೆಗೆ, ಸೂರ್ಯನಿಗೆ
ನಾವು ಹುಕುಂ ಮಾಡೋ ಹಾಗಿಲ್ಲ.”
ಸೇರಿಸಿದೆ. ಮುಗಿದುಹೋದ ದಿನಕ್ಕೆ.

ಈಗ ಫೋನಿನಲ್ಲಿ ನಲವತ್ತು ಪರ್ಸೆಂಟ್ ಅಂತ ಬರುತ್ತದೆ.
ಅದೂ ‘ಬಹುದು’ವೇ, ಅಂಕಿಯ ಅಂಗಿ ತೊಟ್ಟದ್ದು.

ಅವತ್ತು ಗುರುವಾರದ್ದು ಬರೆಯುವ ಮೊದಲು
ಅಜ್ಜಿಯ ಕಡೆ ತಿರುಗಿ ಕೇಳಿದೆ, ಹೇಗಿದೆ ಅಂತ.
ಹಗ್ಗ ಹಿಡಿದೇ ಇದ್ದಳು.
ಸಡಿಲ ಅಂದಳೋ, ಬಿಗಿ ಅಂದಳೋ,
ಪಂಪಿನ ಸದ್ದಿಗೆ ಕೇಳಲಿಲ್ಲ.