ಎರಡು ಚೌಕ

ಹಾಳೆ ಹಿಡಿದ ಹುಡುಗಿ ಕೇಳುತ್ತಾಳೆ:
ಸೈಕಲ್ಲಿಗೆ ಬೇರೆಯೇ ಪಥ ಬೇಕೋ, ರಸ್ತೆಯೇ ಸಾಕೋ,
ಯಾವುದಾದರೂ ಒಂದು ಚೌಕಕ್ಕೆ ಗುರುತು ಹಾಕಿ ಅಂಕಲ್.
ಪೆನ್ನು ಹಿಡಿಯುವ ಮೊದಲು ಕೈಯ ಹಿಟ್ಟು ಒರೆಸಿಕೊಂಡೆ.

ನೋಡು ಮಗಾ, ನನ್ನದು ಬ್ರೆಡ್ಡಿನ ಲೈನು.
ನಾಲ್ಕೂವರೆಗೆ ಬೇಕರಿ ಬಾಗಿಲು, ಐದಕ್ಕೆ ಬೆಂದೂರು,
ಹಿಂದಿನ ಬುಟ್ಟಿಯಲ್ಲಿ ಇನ್ನೂರು ಉಂಡೆ, ಮೇಲೆ ಟಾರ್ಪಾಲು,
ಬೆನ್ನಿಗೆ ಅದರ ಬಿಸಿ.
ಮೂವತ್ತೊಂದು ವರ್ಷದಿಂದ ಲಿಗೋರಿಯ ಬೆನ್ನಿಗೆ
ಚಳಿ ಎಂದರೆ ಎಂತದೆಂದು ಗೊತ್ತಿಲ್ಲ.
ಆ ಹೊತ್ತಿಗೆ ರಸ್ತೆ ನನ್ನದೇ. ನಟ್ಟನಡುವೆ ಹೋಗುತ್ತೇನೆ,
ಮದುಮಗನ ಹಾಗೆ.

ಆರೂವರೆಗೆ ಮೊದಲ ಎಕ್ಸ್‌ಪ್ರೆಸ್ಸು.
ಅಲ್ಲಿಂದ ಮತ್ತೆ ನಾನು ಬಿಳಿ ಗೆರೆಯ ಆಚೆಯವನು.
ಡಾಮರು ಮುಗಿದು ಮಣ್ಣು ಶುರುವಾಗುವಲ್ಲಿ
ನಾಲ್ಕು ಬೆರಳು ಇಳಿಜಾರು ಉಂಟಲ್ಲ, ಅದು ನನ್ನ ಊರು.
ಕಂಡಕ್ಟರ್ ತಗಡು ಬಡಿಯುತ್ತಾನೆ, ಪೋಯಿ ಪೋಯಿ ಪೋಯಿ,
ಬಸ್ಸಿಗೆ ಹೇಳುವುದೋ ನನಗೋ
ಇವತ್ತಿಗೂ ತಿಳಿಯಲಿಲ್ಲ.

ಇದಿನಬ್ಬನ ಮೊಣಕೈ ತೆಗೆದದ್ದು ಬಸ್ಸಿನ ಕನ್ನಡಿ.
ಪೆಟ್ಟಿಗೆ ಮಗುಚಿ ರಸ್ತೆ ತುಂಬ ಬಂಗುಡೆ;
ಬಿದ್ದಲ್ಲಿಂದಲೇ ಅವನು ಮೊದಲು ಎಣಿಸಿದ್ದು ಮೀನು.
ಈಗ ಎಡಗೈಯಲ್ಲಿ ಪೋಂ ಪೋಂ ಒತ್ತುತ್ತಾನೆ.
ಸ್ವರ ಅದೇ. ಬರುವುದು ಒಂದು ಕ್ಷಣ ತಡ.

ಹಾಗಾದರೆ ಪಥವೇ ಅಂತ ಬರೆದುಕೊಳ್ಳಲಾ ಅನ್ನುತ್ತೀಯ.
ನಿಲ್ಲು ಮಾರಾಯ್ತಿ.

ಹೊಳೆಬದಿಗೆ ಹಸಿರು ಬಳಿದು ಮಾಡಿದ್ದರಲ್ಲ ಒಂದು,
ಮೊದಲ ದಿನ ನಾನೂ ಹೋದೆ. ಕೇರಂ ಬೋರ್ಡಿನಷ್ಟು ನುಣುಪು.
ಬೈಕು ನುಗ್ಗದಂತೆ ನೆಟ್ಟ ಕಂಬಗಳ ನಡುವೆ
ಹ್ಯಾಂಡಲ್ ಹೋಯಿತು, ಬುಟ್ಟಿ ಹೋಗಲಿಲ್ಲ.
ಅಳತೆ ಹಿಡಿದವರ ಕಣ್ಣಲ್ಲಿದ್ದದ್ದು
ಹಿಂದೆ ಏನನ್ನೂ ಹೊರದ ಸೈಕಲ್ಲು.
ಎರಡನೇ ವಾರ ಚರುಮುರಿ ಗಾಡಿ ಬಂತು, ಅದರ ಹಿಂದೆ
ಚರುಮುರಿ ತಿನ್ನುವವರ ಕಾರು,
ಮಳೆಗಾಲಕ್ಕೆ ಹಸಿರೆಲ್ಲ ಕರಗಿ ಚರಂಡಿಗೆ.
ಅದನ್ನೂ ಸಹಿಸಿಕೊಂಡೇನು.

ಆದರೆ ಪಥ ಮುಗಿಯುತ್ತದೆ, ಮಗಾ.
ಒಂದೊಂದು ಅಡ್ಡರಸ್ತೆಗೂ ಸತ್ತು ಆಚೆ ಹುಟ್ಟುತ್ತದೆ.
ನಡುವಿನ ಆ ಇಪ್ಪತ್ತು ಅಡಿಯಲ್ಲಿ
ಅಷ್ಟು ಹೊತ್ತು ಬೇಲಿಯಾಚೆ ಇದ್ದ ನಾನು
ತಿರುಗುವ ಲಾರಿಯವನಿಗೆ ನೆಲದಿಂದ ಎದ್ದ ಹಾಗೆ.
ರಸ್ತೆಯಲ್ಲಾದರೆ ನಾನು ಅವನ ಹಲ್ಲುಸಂದಿಯ ನಾರು,
ಮೈಲು ದೂರ ಬೈಯುತ್ತಲೇ ಬರುತ್ತಾನೆ.
ಬೈಯಬೇಕಾದರೆ ಕಂಡಿರಲೇಬೇಕಲ್ಲ.
ನನಗಿರುವ ವಿಮೆ ಅದೊಂದೇ, ಆ ಬೈಗುಳ.

ಇದನ್ನೇ ಮೊನ್ನೆ ದೂಮಣ್ಣನಿಗೂ ಹೇಳಿದೆ.
ಅವನ ಮೊಮ್ಮಗಳು ಪ್ರಣಮ್ಯ, ಎಂಟನೇ ಕ್ಲಾಸು,
ಅವಳ ಸೈಕಲ್ಲು ಶೆಡ್ಡಿನಲ್ಲಿ ನಿಂತು ವರ್ಷವಾಯಿತು,
ಸೀಟಿನ ಪ್ಲಾಸ್ಟಿಕ್ಕು ಇನ್ನೂ ಹರಿದಿಲ್ಲ.
ರಸ್ತೆಗೆ ಬಿಡಿ, ನಾವೆಲ್ಲ ಕಲಿಯಲಿಲ್ಲವಾ, ಅಂದೆ.
ದೂಮಣ್ಣ ಮಾತಾಡಲಿಲ್ಲ. ನನ್ನ ಗದ್ದದ ಹೊಲಿಗೆಯನ್ನೇ
ನೋಡುತ್ತ ನಿಂತ.
ಆರು ಹೊಲಿಗೆ. ಎಣಿಸುತ್ತಿದ್ದನೋ ಏನೋ.
ಬೈಗುಳ ನನಗೆ ಸಾಕು. ಅವಳಿಗೂ ಅದೇ ಕೊಟ್ಟು
ಕಳಿಸುವುದಾ?

ಮತ್ತೆ ಈ ಬಾವುಟಗುಡ್ಡೆಯ ಏರು.
ಎದೆ ಬುಸುಗುಟ್ಟಿ ಎಲ್ಲರೂ ಇಳಿಯುತ್ತಾರೆ ಇಲ್ಲಿ,
ಗೇರಿನ ಸೈಕಲ್ಲಿನವರೂ.
ಇಳಿದು ತಳ್ಳುವವನಿಗೆ ನಿನ್ನ ಹಾಳೆಯಲ್ಲಿ ಚೌಕ ಉಂಟಾ?

ಇಲ್ಲ. ಇರಲಿ, ಕೊಡು.
ಪ್ರಣಮ್ಯಳ ಲೆಕ್ಕದಲ್ಲಿ ಪಥಕ್ಕೆ ಗುರುತು ಹಾಕಿದೆ.
ಕಂಬಕ್ಕೆ ಕಂಬ ಎರಡು ಬುಟ್ಟಿ ಅಗಲ ಅಂತ
ಬದಿಯಲ್ಲಿ ಬರೆದೆ, ಕೊಂಕಣಿ ಮಾತನಾಡುವ ಕನ್ನಡದಲ್ಲಿ.
ನಾನು ಮಾತ್ರ ಈಗಲೂ ರಸ್ತೆಗೇ ಇಳಿಯುವವನು,
ಅದನ್ನು ಬರೆಯಲು ಜಾಗ ಇರಲಿಲ್ಲ.

ಹೊರಡುವಾಗ ಒಂದು ಉಂಡೆ ಕೊಟ್ಟು ಕೇಳಿದೆ:
ನೀನು ಎಂತದರಲ್ಲಿ ಬಂದದ್ದು?
ಎಕ್ಸ್‌ಪ್ರೆಸ್ಸಲ್ಲಿ ಅಂಕಲ್, ಕಿಟಕಿಯ ಹತ್ತಿರ.
ದಾರಿಯಲ್ಲಿ ನಾನು ಕಂಡೆನಾ?

ಹುಡುಗಿ ಯೋಚಿಸಿದಳು. ಸುಳ್ಳು ಹೇಳಲು ಬಾರದವಳು.
ನೋಡಿದ ನೆನಪಿಲ್ಲ, ಅಂದಳು,
ಎಲ್ಲೋ ಒಂದು ಕಡೆ ಬ್ರೆಡ್ಡಿನ ವಾಸನೆ ಬಂದಿತ್ತು.