ನಾಲಬಂದನ ಪುಟ

ತಬಸ್ಸುಮ್ ಬಂದು ಹೇಳಿದಳು:
ಅಕ್ಕಾ, ನಮ್ಮ ಅಜ್ಜಗೊಂದು ಪುಟ ಬರದು ಕೊಡು,
ಯಾರರ ಹುಡುಕಿದ್ರ ಮೊದಲಿಗೆ ಅವನ ಹೆಸರು ಬರಬೇಕು.
ಎಂಟುನೂರು ರೂಪಾಯಿ ಮುಂಗಡ ಇಟ್ಟಳು,
ಎಲ್ಲಾ ಚಿಲ್ಲರೆ ನೋಟು, ಕಬ್ಬಿಣದ ವಾಸನಿ.

ಲಾಲಸಾಬ ನಾಲಬಂದ, ಜೋರಾಪುರ ಪೇಠ.
ಟಾಂಗಾದ ಕುದುರಿ, ಚಕ್ಕಡಿ ಎತ್ತು,
ನಲ್ವತ್ತು ವರ್ಷದಾಗ ಊರಿನ ಅದೆಷ್ಟು ಕಾಲು
ಅವನ ತೊಡಿ ಮ್ಯಾಲೆ ಬಂದು ಹೋಗ್ಯಾವ.

ನಾ ಬರಿಯೋಕಿಂತ ಮೊದಲು ಎಣಿಸತೀನಿ.
ಯಾವ ಶಬ್ದ, ತಿಂಗಳಿಗೆ ಎಷ್ಟು ಮಂದಿ.
‘ಕುದುರೆಗೆ ನಾಲ ಹೊಡೆಯುವವರು ವಿಜಯಪುರ’, ಸೊನ್ನಿ.
‘ಬಿಜಾಪುರ’ ಅಂತ ಹಾಕಿದೆ, ಸೊನ್ನಿಗಿಂತ ತುಸು ಹೆಚ್ಚು.
ಊರಿನ ಹೆಸರು ಬದಲಾಗಿ ಎಷ್ಟೋ ವರ್ಷಾತು,
ಹುಡುಕೋ ಬೆರಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.
‘ಕುದುರೆ ನಾಲ ಬಾಗಿಲಿಗೆ’, ಹನ್ನೆರಡು ಸಾವಿರ.
‘ಕಪ್ಪು ಕುದುರೆ ನಾಲ ಅಸಲಿ’, ಒಂಬತ್ತು ಸಾವಿರ.
‘ನಾಲ ಮೇಲ್ಮುಖವೋ ಕೆಳಮುಖವೋ’,
ಇದಕ್ಕ ದೇಶಕ್ಕ ದೇಶಾನ ನಿದ್ದಿಗೆಟ್ಟು ಕೂತೈತಿ.

ಬರದೆ. ಬರಿಯೋದು ನನ್ನ ಹೊಟ್ಟಿಪಾಡು.
ತಲೆಬರಹದಾಗ ನಾಲ, ಮೊದಲ ಸಾಲಿನಾಗ ನಾಲ,
ಚಿತ್ರದ ಬೆನ್ನಿಗೂ ನಾಲ.
ಗುಮ್ಮಟದೊಳಗ ಸಾಲಿ ಹುಡುಗರು ಕೂಗಿದಂಗ
ಒಂದ ಶಬ್ದ ಏಳು ಸಲ.
ಏಳನೇದು ತಿರುಗಿ ಬಂದಾಗ
ಅದು ಯಾರ ದನಿ ಅಂತ ನನಗೂ ತಿಳೀಲಿಲ್ಲ.

ಎರಡು ತಿಂಗಳಿಗೆ ಪುಟ ಏರಿತು.
ಹದಿನೆಂಟು, ಎಂಟು, ಮೂರು.
ಪುಣೆದಿಂದ ಫೋನು, ನಾಸಿಕದಿಂದ ಫೋನು,
ಹುಬ್ಬಳ್ಳಿ ಬಿಲ್ಡರ್ ಒಬ್ಬ ಇಪ್ಪತ್ನಾಲ್ಕು ಕೇಳಿದ,
ಫ್ಲ್ಯಾಟಿಗೆ ಒಂದರಂತೆ.
ತಬಸ್ಸುಮ್ ಪಾರ್ಸಲ್ ಕಟ್ಟಿದಳು,
ನಾ ಉಳದ ರೊಕ್ಕ ಎಣಿಸಿಕೊಂಡೆ.

ಒಂದಿನ ಲಾಲಸಾಬ ಮೆಟ್ಟಲೇರಿ ಬಂದ.
ಏದುಸಿರು. ಕೂಡು ಅಂದ್ರ ಕೂಡಲಿಲ್ಲ.
‘ಬಾಯಾರ, ಮಂದಿ ಸವದ ನಾಲ ಕೇಳತಾರ.
ಹೊಸಾದು ಬ್ಯಾಡಂತ. ಸವದಷ್ಟು ಬೆಲಿ ಹೆಚ್ಚಂತ.
ಯಾವ ಕಾಲಿಂದು ಅಂತ ಕೇಳಿದ್ರ ಹೇಳೇನು:
ಎಡ ಮುಂಗಾಲು, ಖಾಜಾನ ಟಾಂಗಾದ ಬಿಳೇದು,
ಒದಿಯೋ ಚಾಳಿ, ಗುಡುಗಿಗೆ ಅಂಜತಿತ್ತು.
ಕಾಲು ಯಾರೂ ಕೇಳಂಗಿಲ್ಲ.
ಕುದುರಿ ಕಪ್ಪಿತ್ತೇನು, ಅಷ್ಟ.’

ಕಪ್ಪಿತ್ತು ಅನ್ನು, ಅಂದೆ.
ಅಂದದ್ದು ನಾನ.

ಆತ ಮಾತಾಡಲಿಲ್ಲ. ನನ್ನ ಕುರ್ಚಿ ನೋಡಿದ,
ನಾಲ್ಕು ಕಾಲಿನಾಗ ಒಂದು ಸೋತಿದ್ದು ಕಂಡ,
ಕಿಸೆದಾಗಿನ ಮೊಳಿ ತಗದು
ಎರಡು ಏಟಿಗೆ ಬಡದು, ಹೋದ.

ಆ ರಾತ್ರಿ ಪುಟಕ್ಕ ಬಂದವರ ಪಟ್ಟಿ ತಗದೆ,
ಏನಂತ ಹುಡುಕಿ ಬಂದ್ರು ಅಂತ.
ನಾಲ, ಶನಿ, ನಾಲ, ಬೆಲೆ, ಅದೃಷ್ಟ,
ಇಳಕೊಂತ ಹೋದೆ. ತಳದಾಗ,
ಒಂದ ಒಂದು ಸಲ, ಯಾರೋ ಒಬ್ಬರು:

‘ಕುದರಿ ಕಾಲ ಉರವಲ್ದು ಮಳಿ ಒಳಗ ಹೋಗೇತಿ ಯಾರ ತಗಿತಾರ’

ಊರಿಲ್ಲ, ಹೆಸರಿಲ್ಲ. ಹೋದ ತಿಂಗಳ ಮಂಗಳವಾರ.
ಈ ಮಾತಿಗೆ ನನ್ನ ಪುಟ ನಲ್ವತ್ತೊಂದನೇದು.
ಹತ್ತರ ಕೆಳಗ ಸುಡುಗಾಡು ಅಂತೀವಿ ನಾವು,
ಅಲ್ಲಿತನ ಇಳದು ಬಂದಾರ.
ಒತ್ತ್ಯಾರ.
ಬಾಗಿಲಿಗೆ ನಾಲ ಹೆಂಗ ಬಡೀಬೇಕು ಅನ್ನೋದು ಸಿಕ್ಕೈತಿ.
ಹೊಳ್ಳಿ ಹೋಗ್ಯಾರ.

ಮರುದಿನ ಪುಟದ ನೆತ್ತಿ ಮ್ಯಾಲೆ
ಲೆಕ್ಕಕ್ಕ ಬರಲಾರದ್ದೊಂದು ಸಾಲು ಇಟ್ಟೆ:
‘ಕುದರಿ ಕಾಲ ಉರವಲ್ದೇನು? ನಡಸಬ್ಯಾಡ್ರಿ.
ಮಳಿ ನೀವ ಕೀಳಬ್ಯಾಡ್ರಿ.
ಲಾಲಸಾಬಗ ಫೋನ ಹಚ್ಚರಿ, ಎಷ್ಟೊತ್ತಾದ್ರೂ.’
ಕಾಗುಣಿತ ತಿದ್ದಲಿಲ್ಲ.
ಹಂಗ ಹುಡುಕಿದವರು ಮತ್ತ ಹಂಗ ಹುಡುಕ್ಯಾರು.

ಪುಟ ಮೂರರಿಂದ ಆರಕ್ಕ ಇಳದೈತಿ.
ಯಾಕಕ್ಕಾ ಅಂತ ತಬಸ್ಸುಮ್ ಕೇಳತಾಳ.
ಹೇಳತೀನಿ ಕೂಡು ಅಂತೀನಿ.
ಕುರ್ಚಿ ಈಗ ಅಲುಗೂದಿಲ್ಲ.