ಇಪ್ಪತ್ತೆರಡು ಕಿಲೋ ನಾನೂರು ಗ್ರಾಂ

ಪಂಚನಾಮೆಯಲ್ಲಿ ನಾನೇ ಬರೆದದ್ದು:
ತೊಗರಿ ಸಾಲಿನ ನಡುವೆ ಹಸಿ ಗಾಂಜಾ ಗಿಡ ಹದಿನೇಳು,
ಬೇರಿನ ಮಣ್ಣು ಕೊಡವಿ ತೂಗಲಾಗಿ
ಇಪ್ಪತ್ತೆರಡು ಕಿಲೋ ನಾನೂರು ಗ್ರಾಂ.
ಮಣ್ಣು ಕೊಡವಿದೆವು.
ನೀರು ಕೊಡವಬೇಕೆಂದು ಯಾರಿಗೂ ತೋಚಲಿಲ್ಲ.

ದೇವದುರ್ಗದಲ್ಲಿ ಆ ವಾರ ಹಿಂಗಾರಿ ಜಿನುಗು.
ಮುದ್ದೆಮಾಲು ಕೋಣೆಗಿರುವುದು ಒಂದೇ ಕಿಟಕಿ,
ಅದಕ್ಕೂ ಯಾರದೋ ಕಳವಿನ ಪಂಪ್‌ಸೆಟ್ಟು ಅಡ್ಡ.
ಯೂರಿಯಾ ಚೀಲದಲ್ಲಿ ತುರುಕಿ ಅರಗು ಒತ್ತಿದ ಮಾಲು
ಮೂರನೇ ದಿನ ಬೆವರಿತು.
ನಾಲ್ಕನೇ ದಿನ ಕೈಯಿಟ್ಟು ನೋಡಿದೆ:
ಜ್ವರದ ಕೂಸಿನ ಹೊಟ್ಟೆಯಷ್ಟು ಬಿಸಿ.

ಬೂಷ್ಟು ಹಿಡಿದರೆ ಕೇಸೇ ಬೂಷ್ಟು ಹಿಡಿದಂತೆ, ಎಂದರು ಸಾಹೇಬರು,
ಹೆಣ್ಣುಮಗಳು, ಒಣಗಿಸೋದು ನಿನಗೆ ಗೊತ್ತಿರಬೇಕಲ್ಲ ಅಮರಮ್ಮ?
ಗೊತ್ತಿತ್ತು.
ಮೆಣಸಿನಕಾಯಿ, ಸಂಡಿಗೆ, ಚವಳಿಕಾಯಿ.
ಅವನ್ನೆಲ್ಲ ಮಾಳಿಗೆಯ ಬಿಸಿಲಿಗೆ ಹರವಿದರೆ ಮುಗಿಯಿತು.
ಇದನ್ನು ಠಾಣೆಯ ಮಾಳಿಗೆಗೆ ಹರವಿದರೆ
ಊರೇ ಮೂಗೆತ್ತಿ ನಿಲ್ಲುತ್ತದೆ.

ಕಂಬಿಯ ಆಚೆಯಿಂದ ಗದ್ದೆಪ್ಪನೇ ಅಂದ,
ಚಾದ ಕಪ್ಪು ಕೆಳಗಿಟ್ಟು, ಮುಖ ನೋಡದೆ:
“ಚೀಲ ಬಿಚ್ಚವ್ವ. ತೆಲಿ ಕೆಳಗ ಮಾಡಿ ಹಗ್ಗಕ್ಕ ಹಾಕು.
ಒಂದರ ಮೈ ಒಂದಕ್ಕ ತಾಗಬಾರದು.
ಫ್ಯಾನು ಗ್ವಾಡಿ ಕಡಿ ತಿರುಗಿಸು, ಗಿಡದ ಕಡಿ ಬ್ಯಾಡ.
ಗಾಳಿ ಸುಳಿಬೇಕು, ಬಡಿಬಾರದು.”

ಅರಗು ಒಡೆದೆವು. ಮತ್ತಿಬ್ಬರು ಪಂಚರು, ಮತ್ತೊಂದು ಪಂಚನಾಮೆ.
ಪಂಪ್‌ಸೆಟ್ಟು ಸರಿಸಿದೆ. ನೂಲಿನ ಹಗ್ಗ ಕಟ್ಟಿದೆ.
ಮೂಲೆಗೊಂದು ತಾಟಿನಲ್ಲಿ ಕಲ್ಲುಪ್ಪು ಸುರಿದಿಟ್ಟೆ,
ಇದು ಮಾತ್ರ ನಮ್ಮವ್ವನ ಉಪಾಯ,
ಬೆಲ್ಲದ ಗಡಿಗೆ ಪಕ್ಕ ಆಕೆ ಇಡುತ್ತಿದ್ದಳು.
ಬೆಳಗಿಗೆ ಉಪ್ಪು ನೀರಾಗಿದ್ದರೆ ಕಿಟಕಿ ತೆರೆ,
ಹರಳಾಗೇ ಇದ್ದರೆ ಮುಚ್ಚು.
ಕೃಷ್ಣೆಯ ಕಡೆಯಿಂದ ಸಂಜೆ ಮಂಜು ಎದ್ದರೆ
ಏನೇ ಇರಲಿ ಮುಚ್ಚು.

ಹನ್ನೊಂದು ರಾತ್ರಿ.
ಗಿಡ ಮುಟ್ಟಿ ನೋಡಿದ ಕೈಯಲ್ಲೇ ಬುತ್ತಿಯ ರೊಟ್ಟಿ ಮುರಿದೆ.
ಎರಡು ಸಲ ಒಗೆದರೂ ಖಾಕಿ ಬಿಡಲಿಲ್ಲ.
ಬಸ್ಸಿನಲ್ಲಿ ಅಜ್ಜನೊಬ್ಬ ಸೀಟಿನಲ್ಲಿ ಹತ್ತಿರ ಸರಿದು
ಕಣ್ಣು ಮುಚ್ಚಿ ಉಸಿರೆಳೆದುಕೊಂಡು ಕೇಳಿದ,
“ತಿಂಥಣಿಗೆ ಹೊಂಟೀಯೇನವ್ವ?”

ಹನ್ನೆರಡನೇ ದಿನ ಕಡ್ಡಿ ಬಗ್ಗಿಸಿದೆ.
ಅಲ್ಲಿಯತನಕ ಬಾಗುತ್ತಿದ್ದದ್ದು ಅವತ್ತು ಟಕ್ಕೆಂದಿತು.

ತಕ್ಕಡಿ: ಐದು ಕಿಲೋ ನೂರು ಗ್ರಾಂ.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು.
ಇಪ್ಪತ್ತು ದಾಟಿದರೆ ಕಲಮು ಬೇರೆ, ಜಾಮೀನಿನ ಬಾಗಿಲೂ ಬೇರೆ.
ಗದ್ದೆಪ್ಪನ ಮೇಲೆ ಈಗ ಇರುವುದು
ಐದು ಕಿಲೋ ಗಾಂಜಾ,
ಹದಿನೇಳು ಕಿಲೋ ಮುನ್ನೂರು ಗ್ರಾಂ ಮಳೆ.
ಅವನಿಗೆ ಇದು ಮೊದಲೇ ಗೊತ್ತಿತ್ತೋ
ಬೆಳೆದ ಪದಾರ್ಥ ಕೊಳೆಯುವುದನ್ನು ನೋಡಲಾರದೆ ಹೇಳಿದನೋ,
ಕೇಳಿಲ್ಲ. ಕೇಳಬೇಕಾದ್ದು ನನ್ನ ಕೆಲಸ.

ರಿಜಿಸ್ಟರಿನಲ್ಲಿ ಕೊನೆಯ ಕಾಲಮು: ವ್ಯತ್ಯಾಸಕ್ಕೆ ಕಾರಣ.
ಇಲಿ ಅಂತ ಬರಿ, ಎಂದ ರೈಟರ್ ಖಾಜಾಸಾಬ,
ಎಲ್ಲ ಠಾಣೆಯಲ್ಲೂ ಇಲಿಯೇ ತಿನ್ನೋದು.
ನಕ್ಕೆವು. ಪೆನ್ನು ಎರಡು ಸಲ ಜಾಡಿಸಿದೆ.

ನೀರು, ಎಂದು ಬರೆದೆ.
ಕೆಳಗೆ ಸಹಿ, ಬಿಲ್ಲೆ ನಂಬರು, ವೇಳೆ.

ನಾಳೆ ವಕೀಲರು ಕೇಳಬಹುದು,
ಆ ನೀರನ್ನು ನೀವು ಕಂಡಿರಾ?
ಕಂಡಿದ್ದೆ. ನಾಲ್ಕು ತಾಟು ತುಂಬ ಇತ್ತು, ಉಪ್ಪುಪ್ಪು.
ಠಾಣೆಯ ಹಿಂದೆ, ಜಾಲಿಯ ಬುಡಕ್ಕೆ
ಪಂಚರಿಲ್ಲದೆ ಚೆಲ್ಲಿ ಬಂದೆ.